ನಾನು ಕತ್ತರಿಸಲು ಬಿಡದ ಮದರಂಗಿ ಬೇಲಿ

ನಮ್ಮಕ್ಕನ ಮೊಮ್ಮಗಳು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರುವ ವಾರ ಫೋನ್ ಮಾಡಿ, "ಅಜ್ಜಿ, ಒಂದೆರಡು ಟಿಪ್ಸ್ ಕೊಡಿ" ಎಂದಳು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಸೇವಾ ಮನೋಭಾವ, ಪೇಷನ್ಸ್, ಪಂಕ್ಚುಯಾಲಿಟಿ ಎಂದು ಶುರು ಮಾಡಿದೆ. ಆ ಕಡೆ ಅವಳು ಯಾರನ್ನೋ ಬೀನ್ಸ್ ಎಳೆಯದಾ ಬಲಿತದ್ದಾ ಎಂದು ವಿಚಾರಿಸುತ್ತಿರುವುದು ಕೇಳಿಸಿತು. ಫೋನ್ ಇಟ್ಟ ಮೇಲೆ ಯೋಚಿಸಿದೆ. ಹುಡುಗಿಯದು ತಪ್ಪಿಲ್ಲ. ಸೇವಾ ಮನೋಭಾವದ ಬಗ್ಗೆ ಅವಳಿಗೆ ಕಾಲೇಜಿನಲ್ಲೇ ಸಾಕಷ್ಟು ಹೇಳಿರುತ್ತಾರೆ. ಅಲ್ಲಿ ಯಾರೂ ಹೇಳದೆ ಇದ್ದದ್ದು ನಾನು ಮಾಡಿದ ತಪ್ಪುಗಳನ್ನು. ಆ ಸ್ಟಾಕ್ ನನ್ನ ಹತ್ತಿರ ಧಾರಾಳವಾಗಿದೆ. ಅವುಗಳಲ್ಲಿ ದೊಡ್ಡದನ್ನು ಇಲ್ಲಿ ಬರೆದಿಡುತ್ತೇನೆ. ಬೀನ್ಸ್ ಬಿಡಿಸುತ್ತಲೇ ಓದಿಕೊಳ್ಳಲಿ.

ನಾನು ಸ್ಟಾಫ್ ನರ್ಸ್ ಆಗಿದ್ದವಳು. ಚನ್ನಗಿರಿ, ಹೊನ್ನಾಳಿ, ಜಗಳೂರು, ಕೊನೆಗೆ ನ್ಯಾಮತಿ, ಈ ಕಡೆಗಳ ಸಣ್ಣಪುಟ್ಟ ಆಸ್ಪತ್ರೆಗಳಲ್ಲೇ ನನ್ನ ಸರ್ವಿಸ್ ಮುಗಿಯಿತು. ಯಾವ ಊರು, ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಇಲ್ಲಿ ಬರುವ ತಪ್ಪುಗಳೆಲ್ಲ ನನ್ನವು, ಆ ಕಟ್ಟಡಗಳದ್ದಲ್ಲ. ಪೋಸ್ಟ್ ಆಫೀಸಿನಲ್ಲಿದ್ದ ನಮ್ಮಪ್ಪ ಸಾಕಾಗದ ಸಂಬಳದಲ್ಲೂ ನನ್ನನ್ನು ಕಾನ್ವೆಂಟಿಗೆ ಹಾಕಿದರು. ಅಲ್ಲಿ ನನಗೆ ಮೂರು ಅಭ್ಯಾಸ ಅಂಟಿದವು. ಎರಡು ಮಾತಿಗೆ ಒಂದು ಇಂಗ್ಲಿಷ್ ಪದ ಸೇರಿಸುವುದು, ಬೆಡ್‌ಶೀಟಿನ ಮೂಲೆಯನ್ನು ಲಕೋಟೆಯ ಹಾಗೆ ಮಡಿಸುವುದು, ಎಲ್ಲಿ ಹೋದರೂ ಗಾರ್ಡನ್ ಹುಡುಕುವುದು. ಮೊದಲ ಎರಡರಿಂದ ಯಾರಿಗೂ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ.

ತೊಂದರೆಯೇ ಆಗಲಿಲ್ಲ ಎಂದರೆ ಸುಳ್ಳಾದೀತು. ಕತ್ತಲಗೆರೆ ಹತ್ತಿರದ ಹಳ್ಳಿಯಲ್ಲಿ ನನ್ನ ಮೊದಲ ಪೋಸ್ಟಿಂಗ್. ಮೊದಲ ವಾರವೇ ಏದುಸಿರು ಬಿಡುತ್ತ ಬಂದ ಒಬ್ಬ ಅಜ್ಜಿಯನ್ನು, "ಬ್ರೀದಿಂಗ್‌ನಲ್ಲಿ ಡಿಸ್‌ಕಂಫರ್ಟ್ ಇದೆಯಾ ಅಜ್ಜಿ?" ಎಂದು ಕೇಳಿದೆ. ಅವರು ಮಗನ ಕಡೆ ತಿರುಗಿ, "ಈ ಹುಡುಗಿ ಯಾರನ್ನೋ ಬೈತೈತಲ್ಲೋ, ನನ್ನನ್ನೋ ನಿನ್ನನ್ನೋ?" ಎಂದರು. ಆಗ ದಮ್ಮಿಗೆ ನಮ್ಮ ಹತ್ತಿರ ಇದ್ದದ್ದು ಒಂದು ಇಂಜೆಕ್ಷನ್, ಒಂದು ಬಿಳಿ ಮಾತ್ರೆ. ಗಾಜಿನ ಸಿರಿಂಜನ್ನು ಕುದಿಸಿ, ಆರಿಸಿ, ಚುಚ್ಚಿ ಕಳಿಸಿದರೆ ನಮ್ಮ ಜವಾಬ್ದಾರಿ ಮುಗಿಯಿತು. ದಮ್ಮು ಯಾಕೆ ಬಂತು ಎಂದು ಕೇಳುವ ಪದ್ಧತಿ ಇರಲಿಲ್ಲ. ಕೇಳಲು ಸಾಲಿನಲ್ಲಿ ಜಾಗವೂ ಇರಲಿಲ್ಲ.

ಹೊನ್ನಾಳಿ ಕಡೆಗೆ ಬಂದಾಗ ನನ್ನ ಮೇಲಿದ್ದವರು ಫಿಲೋಮಿನಾ ಎಂಬ ಹೆಡ್ ಸಿಸ್ಟರ್. ದಪ್ಪ ಕನ್ನಡಕ, ಸದ್ದಿಲ್ಲದ ಚಪ್ಪಲಿ. ಕೆಮ್ಮಿಕೊಂಡು ಬಂದ ಯಾರನ್ನೇ ಆಗಲಿ ಪಕ್ಕದಲ್ಲಿ ಕೂರಿಸಿಕೊಂಡು ಊರ ಸುದ್ದಿ ಮಾತಾಡುವವರ ಹಾಗೆ ಕೇಳುತ್ತಿದ್ದರು. "ಯಾವ ತಿಂಗಳಲ್ಲಿ ಜಾಸ್ತಿ? ಬೆಳಿಗ್ಗೆಯೋ ಸಂಜೆಯೋ? ಏನ್ ಮಾಡ್ತಿದ್ದಾಗ ಹಿಡೀತು? ಯಾವೂರಿಗೆ ಹೋದ್ರೆ ಆರಾಮಾಗಿರ್ತೀರಿ?" ಒಬ್ಬೊಬ್ಬರಿಗೂ ಇಷ್ಟು ಹೊತ್ತು! ಹೆಂಗಸಿಗೆ ಮಾತಿನ ಚಟ ಎಂದು ನಾನು ತೀರ್ಮಾನಿಸಿದೆ. ನನಗಾದರೋ ಪೇಷಂಟ್ ಬಾಗಿಲಲ್ಲಿ ಕಾಲಿಟ್ಟರೆ ಸಾಕು, ಕಾಯಿಲೆ ಗೊತ್ತಾಗುತ್ತಿತ್ತು. ಅದನ್ನು ನಾನು ನನ್ನ ಕ್ಲಿನಿಕಲ್ ಐ ಎಂದು ಕರೆದುಕೊಳ್ಳುತ್ತಿದ್ದೆ. ಬೇರೆ ಯಾರೂ ಹಾಗೆ ಕರೆದ ನೆನಪಿಲ್ಲ.

ಆ ಕಣ್ಣಿನ ಪ್ರತಾಪಕ್ಕೆ ಜಗಳೂರು ಕಡೆಯ ಒಂದು ಉದಾಹರಣೆ ಸಾಕು. ಸೊಕ್ಕೆಯಿಂದ ತಿಪ್ಪಣ್ಣ ಎಂಬ ರೈತ ಉಬ್ಬಸಪಡುತ್ತ ಬರುತ್ತಿದ್ದ. ಬಾಗಿಲಲ್ಲೇ ನೋಡಿ, "ಬೀಡಿ ಬಿಡಪ್ಪ" ಎಂದೆ. ಮುಂದಿನ ಸಲವೂ ಬಂದ, ಬೀಡಿ ಬಿಡು ಎಂದೆ. ಮೂರನೇ ಸಲ ಆತ ಕೈ ಮುಗಿದು, "ಸಿಸ್ಟರಮ್ಮಾ, ನೀವು ಹೇಳಿದ್ರಿ ಅಂತ ಒಂದು ಕಟ್ಟು ತಂದು ಸೇದಿ ನೋಡ್ದೆ. ಸೇದಾಕೆ ಬರಲ್ದೋನು ಬಿಡಾದು ಹೆಂಗೆ?" ಎಂದ. ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ಮಾತ್ರ ಅವನಿಗೆ ದಮ್ಮು ಬರುತ್ತಿತ್ತು. ಅದನ್ನು ಕಂಡುಹಿಡಿದದ್ದು ಅವನ ಹೆಂಡತಿ. ನಾನು ಕಂಡುಹಿಡಿದದ್ದು ಇಲ್ಲದ ಬೀಡಿ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಬುದ್ಧಿ ಬಂದದ್ದು ನ್ಯಾಮತಿ ಕಡೆ, ರಿಟೈರ್‌ಮೆಂಟಿಗೆ ಸ್ವಲ್ಪ ಮೊದಲು. ಅದಕ್ಕೆ ಇನ್ನೊಬ್ಬಳ ಉಸಿರೇ ಬೆಲೆಯಾಗುವುದರಲ್ಲಿತ್ತು.

ಅಲ್ಲಿ ನಾನು ಇನ್‌ಚಾರ್ಜ್ ಸಿಸ್ಟರ್. ಆಸ್ಪತ್ರೆ ಸಣ್ಣದು, ಅಂಗಳ ದೊಡ್ಡದು. ಅಂಗಳದ ಸುತ್ತ ಎದೆಯೆತ್ತರದ ಮದರಂಗಿ ಬೇಲಿ. ತೋಟದ ಕೆಲಸ ನೋಡುತ್ತಿದ್ದ ರುದ್ರಣ್ಣ ಅದನ್ನು ತಿಂಗಳಿಗೊಮ್ಮೆ ದೊಡ್ಡ ಕತ್ತರಿಯಲ್ಲಿ ಮೇಜಿನ ಹಾಗೆ ಸಪಾಟಾಗಿ ಕತ್ತರಿಸುತ್ತಿದ್ದ. ಆಸ್ಪತ್ರೆಯ ಒಗೆದ ಹಾಸಿಗೆ ಬಟ್ಟೆಗಳನ್ನೆಲ್ಲ ಆ ಬೇಲಿಯ ಮೇಲೆ ಹರವುವುದು ಅಲ್ಲಿನ ವಾಡಿಕೆ. ಹಗ್ಗ ಕಟ್ಟಿದರೆ ಜೋತುಬಿದ್ದು ಶೀಟು ಮಣ್ಣಿಗೆ ತಾಗುತ್ತಿತ್ತು. ಬೇಲಿಯಾದರೆ ಗಾಳಿಗೆ ಹಾರುವುದೂ ಇಲ್ಲ, ಜೋಲುವುದೂ ಇಲ್ಲ. ಊರಿನ ಹೆಂಗಸರು ಮದುವೆ, ಹಬ್ಬಗಳಿಗೆ ಅದೇ ಬೇಲಿಯಿಂದ ಮಡಿಲು ತುಂಬ ಎಲೆ ಕಿತ್ತುಕೊಂಡು ಹೋಗುತ್ತಿದ್ದರು.

ನಾನು ಅಲ್ಲಿಗೆ ಸೇರಿದ ವರ್ಷ ಮಳೆ ಬಿದ್ದ ಮೇಲೆ, ಕತ್ತರಿ ತಾಗದೆ ಉಳಿದಿದ್ದ ಒಂದು ಮೂಲೆಯಲ್ಲಿ ಮದರಂಗಿ ಹೂ ಬಿಟ್ಟಿತು. ಕೆನೆಬಣ್ಣದ, ಸಾಸಿವೆಯಂಥ ಮೊಗ್ಗುಗಳ ಗೊಂಚಲು. ಪರಿಮಳ ಎಂದರೆ! ಕಾನ್ವೆಂಟಿನ ಬಾವಿಕಟ್ಟೆಯ ಪಕ್ಕದಲ್ಲಿ ಇದೇ ಗಿಡ ಮರದಷ್ಟು ಬೆಳೆದು ನಿಂತಿತ್ತು. ಪ್ರೇಯರ್‌ಗೆ ಸಾಲಾಗಿ ಹೋಗುವಾಗ ನಾವು ಹುಡುಗಿಯರು ಒಂದೊಂದು ಗೊಂಚಲು ಕಿತ್ತು ತೋಳಿನೊಳಗೆ ಅಡಗಿಸಿಕೊಳ್ಳುತ್ತಿದ್ದೆವು. ಆ ಹುಡುಗಿಯರಲ್ಲಿ ಈಗ ಎಷ್ಟು ಮಂದಿ ಇದ್ದಾರೋ, ಎಲ್ಲಿದ್ದಾರೋ. ನಾನು ಅಂಗಳದಲ್ಲಿ ನಿಂತು ಕಣ್ಣೊರೆಸಿಕೊಂಡೆ. ನೆನಪಿಗೆ ಕಣ್ಣು ತುಂಬಿತು ಅಂದುಕೊಂಡೆ. ಕಣ್ಣು ತುರಿಸುತ್ತಲೂ ಇತ್ತು, ಮೂಗೂ ಸೋರುತ್ತಿತ್ತು. ಭಾವುಕಳಾದಾಗ ಇವೆಲ್ಲ ಲೆಕ್ಕಕ್ಕೆ ಬರುವುದಿಲ್ಲ.

"ರುದ್ರಣ್ಣ, ಇನ್ನು ಮೇಲೆ ಬೇಲಿ ಕತ್ತರಿಸಬೇಡಿ" ಎಂದೆ.

"ಕತ್ತರಿಸಲ್ದಿದ್ರೆ ಅದು ಬೇಲಿ ಹೆಂಗಾಗ್ತೈತ್ರೀ ಸಿಸ್ಟರ್? ಕಾಡಾಗ್ತೈತೆ."

"ಲೆಟ್ ಇಟ್ ಬ್ರೀದ್, ರುದ್ರಣ್ಣ. ಅದೂ ಸ್ವಲ್ಪ ಉಸಿರಾಡಲಿ."

ರುದ್ರಣ್ಣ ಕತ್ತರಿಗೆ ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿ, ಹೆಣ ಮಲಗಿಸಿದ ಹಾಗೆ ಸ್ಟೋರ್ ರೂಮಿನಲ್ಲಿ ಮಲಗಿಸಿದ. ಬೇಲಿ ಉಸಿರಾಡಿತು. ಮಳೆ ಬಂದಾಗಲೆಲ್ಲ ಹೂ ಬಿಟ್ಟಿತು. ಶೀಟುಗಳನ್ನು ಹೂಗಳ ಮೇಲೆಯೇ ಹರವಿದರು. ಸಂಜೆ ಮಡಿಸಿ ತಂದ ಬಟ್ಟೆಗಳಿಂದ ವಾರ್ಡೆಲ್ಲ ಘಮಘಮ. "ಸೆಂಟೆಡ್ ಲಿನನ್, ಮೇಡಂ! ಫೈವ್ ಸ್ಟಾರ್ ಹೋಟೆಲಲ್ಲೂ ಇರಲ್ಲ" ಎಂದು ನಮ್ಮ ಡಾಕ್ಟರ್ ಸಹನಾ ಅವರಿಗೆ ತೋರಿಸಿದೆ. ಕಾಲಿನ ಗಾಯಕ್ಕೆಂದು ಸೇರಿದ್ದ ಒಬ್ಬ ಯಜಮಾನರು ಆ ಶೀಟಿನ ಮೇಲೆ ಬೆಳಿಗ್ಗೆಯಿಡೀ ಸೀನುತ್ತಿದ್ದರು. ಫ್ಯಾನಿನ ಧೂಳು ಎಂದು ಫ್ಯಾನ್ ಒರೆಸಿಸಿದೆ.

ಇನ್ನು ಶಮೀಮಾ. ನಮ್ಮ ವಾರ್ಡಿನ ಆಯಾ, ಕಾಂಟ್ರಾಕ್ಟ್ ಮೇಲೆ ಇದ್ದವಳು. ನಲವತ್ತರ ಆಸುಪಾಸು, ಗಟ್ಟಿ ಹೆಂಗಸು, ಬಾಯಿ ಅದಕ್ಕಿಂತ ಗಟ್ಟಿ. ಇಂಜೆಕ್ಷನ್ನಿಗೆ ಹೆದರುವ ಗಂಡಸರಿಗೆ, "ಅರೆ, ನಾಕು ಮಕ್ಳ ಅಪ್ಪ ಆಗಾಕೆ ಹೆದರಿಕಿ ಆಗ್ಲಿಲ್ಲ, ಸೂಜಿಗ್ಯಾಕೆ ಹೆದರ್ತೀರಿ?" ಎನ್ನುತ್ತಿದ್ದಳು. ಗಂಡನಿಗೆ ಬೆನ್ನುನೋವಿನಿಂದ ದುಡಿಯಲಾಗದೆ, ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಲ್ಲಿ.

ಅವಳಿಗೆ ಮೊದಲು ಶುರುವಾದದ್ದು ಸೀನು. ಒಂದೆರಡಲ್ಲ, ಸರಮಾಲೆ. ಮೂಗಿನಿಂದ ತಿಳಿ ನೀರು, ಕಣ್ಣು ಕೆಂಪು, ಅಂಗುಳೆಲ್ಲ ತುರಿಕೆ. ಜ್ವರ ಮಾತ್ರ ಒಂದು ದಿನವೂ ಇಲ್ಲ. ನನ್ನ ಕ್ಲಿನಿಕಲ್ ಐ ತೆರೆದುಕೊಂಡಿತು. "ನೀನು ಕಣ್ಣಿಗೆ ಸುರ್ಮಾ ಹಚ್ಚುತ್ತೀಯಲ್ಲ, ಅದೇ" ಎಂದೆ. ಸುರ್ಮಾ ಬಿಟ್ಟಳು. ಸೀನು ಅವಳನ್ನು ಬಿಡಲಿಲ್ಲ. ಆಮೇಲೆ ಕೆಮ್ಮು, ಎದೆಯಲ್ಲಿ ಪೀಪಿ ಊದಿದ ಸದ್ದು. "ಫಿನಾಯಿಲ್ ವಾಸನೆ ಆಗುತ್ತಿಲ್ಲ ನಿನಗೆ" ಎಂದು ನೆಲ ಒರೆಸುವ ಕೆಲಸ ಬಿಡಿಸಿ ಲೈಟ್ ಡ್ಯೂಟಿ ಕೊಟ್ಟೆ. ಏನು ಲೈಟ್ ಡ್ಯೂಟಿ? ಬೇಲಿಯ ಮೇಲೆ ಶೀಟು ಹರವುವುದು, ಒಣಗಿದ್ದನ್ನು ಎತ್ತಿ ಕೊಡವಿ ಎದೆಗವಚಿಕೊಂಡು ತರುವುದು.

ಒಂದು ಸಲ ಅವಳೇ ಹೇಳಿದಳು. "ಸಿಸ್ಟರ್, ಆ ಹೂವಿನ ಹತ್ರ ಹೋದ್ರೆ ಎದಿ ಬಿಗಿತೈತ್ರೀ."

"ಹೂವಿನಿಂದ ಯಾರಿಗಾದರೂ ಕಾಯಿಲೆ ಬರುತ್ತದೇನೇ? ನಿಮ್ಮ ಮದುವೆಗಳಲ್ಲಿ ಕೈತುಂಬ ಇದನ್ನೇ ಹಚ್ಚಿಕೊಳ್ಳುತ್ತೀರಿ."

"ಕೈಗೆ ಹಚ್ಚಾದು ಎಲಿ ಅಲ್ರೀ? ಹೂವನ್ನಾ?"

ಅದು ಎಷ್ಟು ದೊಡ್ಡ ಪಾಯಿಂಟ್ ಎಂದು ನನಗೆ ಹೊಳೆಯಲೇ ಇಲ್ಲ. ಎದುರು ಮಾತಾಡಬೇಡ ಎಂದೆ.

ಕಫ ಎರಡು ಸಲ ಟೆಸ್ಟ್ ಮಾಡಿಸಿದೆವು. ಏನೂ ಇಲ್ಲ. ಎಕ್ಸ್‌ರೇ ಕ್ಲಿಯರ್. ಆದರೆ ಎಕ್ಸ್‌ರೇಯನ್ನು ಊರವರಿಗೆಲ್ಲ ತೋರಿಸಿಕೊಂಡು ತಿರುಗಲಾಗುತ್ತದೆಯೇ? "ಆ ಆಯಾಗೆ ಟಿ.ಬಿ. ಐತಂತೆ, ಆಕಿ ಹಾಸಿದ್ ಹಾಸಿಗಿ ಮ್ಯಾಲೆ ಮಲಗಬ್ಯಾಡ್ರಿ" ಎಂಬ ಮಾತು ಬೆಡ್ಡಿನಿಂದ ಬೆಡ್ಡಿಗೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ, ಮಳೆ ನಿಂತು ಬಿಸಿಲು ಬಂದಿತ್ತು. ಶಮೀಮಾ ಬೇಲಿಯಿಂದ ಶೀಟುಗಳನ್ನು ಎತ್ತುತ್ತಿದ್ದವಳು ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಓಡಿಹೋಗಿ, "ಫ್ರೆಶ್ ಏರ್ ಬೇಕು, ಒಳಗೆ ಕರೆದುಕೊಂಡು ಹೋಗಬೇಡಿ" ಎಂದು ರುದ್ರಣ್ಣನ ನೆರವಿನಿಂದ ಅವಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿದೆ. ಬೆಂಚು ಇದ್ದದ್ದು ಬೇಲಿಗೆ ಒರಗಿಕೊಂಡು. ತಲೆಯ ಮೇಲೆಯೇ ಹೂವಿನ ಗೊಂಚಲು. "ದೀರ್ಘವಾಗಿ ಉಸಿರು ತಗೋ, ಡೀಪ್ ಬ್ರೆತ್, ಡೀಪ್ ಬ್ರೆತ್" ಎಂದು ಬೆನ್ನು ನೀವಿದೆ. ಅವಳು ಹೇಳಿದ ಹಾಗೆ ಎಳೆದುಕೊಂಡಳು. ಒಂದು ವಾಕ್ಯ ಪೂರ್ತಿ ಆಡಲು ಆಗದ ಸ್ಥಿತಿಗೆ ಬಂದಳು. "ಸಿಸ್... ಟರ್..." ಎಂದು ನನ್ನ ಮುಂಗೈ ಹಿಡಿದಳು. ತುಟಿ ನೀಲಿಗಟ್ಟಿದ್ದು ನೋಡಿ ಡಾಕ್ಟರನ್ನು ಕರೆತರಲು ರುದ್ರಣ್ಣನನ್ನು ಓಡಿಸಿದೆ.

ಡಾಕ್ಟರ್ ಸಹನಾ ಬಂದು, ಒಳಗೆ ಎತ್ತಿಸಿ, ಆಕ್ಸಿಜನ್ ಕೊಟ್ಟು, ನೆಬ್ಯುಲೈಜರ್ ಹಾಕಿಸಿದರು. ನನ್ನ ಮೊದಲ ಪೋಸ್ಟಿಂಗಿನಲ್ಲಿ ಈ ಮಿಷನ್ ಇದ್ದಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ ಎಂದು ಅದರ ಗುರ್ ಸದ್ದು ಕೇಳುವಾಗಲೆಲ್ಲ ಅನಿಸುತ್ತದೆ. ಅರ್ಧ ತಾಸಿನ ಮೇಲೆ ಶಮೀಮಾಳ ಭುಜಗಳು ಇಳಿದವು. ಡಾಕ್ಟರ್ ನನ್ನ ಕಡೆ ತಿರುಗಿ, "ಇವರನ್ನ ಹೊರಗೆ ಕೂರಿಸಿದ್ದು ಯಾರು?" ಎಂದರು.

"ಫ್ರೆಶ್ ಏರ್ ಅಂತ..." ಎಂದೆ. ಅವರು ಕೇಸ್ ಶೀಟ್ ಎಳೆದುಕೊಂಡು ಬರೆಯತೊಡಗಿದರು. ನನ್ನ ವಯಸ್ಸಿಗೆ ಕೊಟ್ಟ ಮರ್ಯಾದೆ ಅದು.

ಈ ಗಲಾಟೆಯ ಸುದ್ದಿ ಹೊರಗೆ ಹೋಗಿ, ಎರಡನೇ ದಿನಕ್ಕೆ ಕಾಂಟ್ರಾಕ್ಟಿನ ಸೂಪರ್‌ವೈಸರ್ ಪರಮೇಶಿ ಬೈಕಿನಲ್ಲಿ ಬಂದ. "ಸಿಸ್ಟರ್, ಪಾಪ ಅನ್ಸ್ತೈತೆ. ಆದ್ರೆ ನನ್ನ ಮ್ಯಾಲೂ ಕೇಳೋರು ಅದಾರೆ. ಈ ತಿಂಗ್ಳು ಕೊನೆಗೆ ಬಂದು ನೋಡ್ತೀನಿ. ಆಗ್ಲೂ ಹಿಂಗೇ ಇದ್ರೆ ಬ್ಯಾರೆಯವ್ರನ್ನ ಹಾಕ್ತೀವಿ" ಎಂದು ಹೇಳಿ ಹೋದ.

ಶಮೀಮಾ ಅಳಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ಈ ಕೆಲ್ಸ ಹೋದ್ರೆ ಅಡಿಕಿ ಸುಲಿಯಾಕೆ ಹೋಗ್ಬೇಕು ಸಿಸ್ಟರ್. ಆ ಸಿಪ್ಪಿ ಧೂಳಿನಾಗೆ ನಾನು ಒಂದು ವಾರ ಉಳಿಯಾಕಿಲ್ಲ" ಎಂದಳು. ಹವಾಮಾನದ ವಿಷಯ ಹೇಳಿದಷ್ಟು ಸಲೀಸಾಗಿ ಹೇಳಿದಳು.

ಡಾಕ್ಟರ್ ಅವಳಿಗೆ ಎಂಟು ದಿನ ರಜೆ ಬರೆದರು. ಬಿಳಿಚೋಡಿನಲ್ಲಿರುವ ತಂಗಿ ಮನೆಗೆ ಹೊರಟಳು. ನಾನು ಮನೆಯಲ್ಲೇ ಮಾಡಿದ ಮೆಣಸು, ಶುಂಠಿ, ತುಳಸಿಯ ಕಷಾಯದ ಪುಡಿಯನ್ನು ಡಬ್ಬಿಗೆ ತುಂಬಿ ಕೊಟ್ಟೆ. ಎಂಟು ದಿನ ಕಳೆದು ಬಂದಾಗ ಮುಖ ತಿಳಿಯಾಗಿತ್ತು. "ಒಂದು ಸೀನೂ ಇಲ್ರೀ, ಬೆಳಗಾನ ನಿದ್ದಿ!" ಎಂದಳು. ನಾನು ಡಾಕ್ಟರಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ನನ್ನ ಪುಡಿಯ ಮಹಿಮೆ ಹೇಳಿದೆ. ಸಿಸ್ಟರ್ ಕಷಾಯ ಎಂದು ಲೇಬಲ್ ಹಚ್ಚಿಸುವ ಯೋಚನೆಯೂ ಬಂದಿತ್ತು. ಮರುದಿನ ಬೆಳಿಗ್ಗೆ ಶಮೀಮಾ ಬೇಲಿಯ ಕಡೆಯಿಂದ ಸೀನುತ್ತ, ಎದೆ ಹಿಡಿದುಕೊಂಡು ಬಂದಳು.

"ಪುಡಿ ನಿಲ್ಲಿಸಿದೆಯಾ?" ಎಂದು ಕೇಳಿದೆ.

ಅವಳು ನೆಲ ನೋಡಿದಳು. "ಬೈಬ್ಯಾಡ್ರಿ ಸಿಸ್ಟರ್. ಡಬ್ಬಿನ ಬಸ್ ಸ್ಟ್ಯಾಂಡಿನಾಗೇ ಮರ್ತು ಹೋಗಿದ್ದೆ. ತಗೊಂಡೇ ಇಲ್ಲ."

ಪಕ್ಕದ ಟೇಬಲ್ಲಿನಲ್ಲಿ ಬರೆಯುತ್ತಿದ್ದ ಡಾಕ್ಟರ್ ಸಹನಾ ಇದನ್ನು ಕೇಳಿ ಪೆನ್ನು ಕೆಳಗಿಟ್ಟರು. ಶಮೀಮಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡಿದರು. ಯಾವ ತಿಂಗಳಲ್ಲಿ ಜಾಸ್ತಿ? ಬೆಳಿಗ್ಗೆಯೋ ಸಂಜೆಯೋ? ಏನು ಮಾಡುವಾಗ? ಎಲ್ಲಿಗೆ ಹೋದರೆ ಆರಾಮ? ಫಿಲೋಮಿನಾ ಸಿಸ್ಟರ್ ಬಾಯಿಂದ ಬಂದ ಹಾಗೆಯೇ ಇದ್ದ ಆ ಪ್ರಶ್ನೆಗಳನ್ನು ನಾನು ತಲೆ ತಗ್ಗಿಸಿ ಕೇಳಿದೆ. ಅದು ಮಾತಿನ ಚಟವಲ್ಲ, ಅದೇ ಟೆಸ್ಟ್ ಎಂದು ಅರ್ಥವಾಗಲು ನನಗೆ ಒಂದು ಇಡೀ ಸರ್ವಿಸ್ ಬೇಕಾಯಿತು. ಉತ್ತರಗಳೆಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಮಳೆಯಾದ ಮೇಲೆ, ಬೆಳಿಗ್ಗೆ, ಶೀಟು ಎತ್ತುವಾಗ.

"ಈ ಬೇಲಿ ಯಾವಾಗ್ಲೂ ಹೀಗೇ ಹೂ ಬಿಡ್ತಿತ್ತಾ?" ಎಂದು ಡಾಕ್ಟರ್ ಕಿಟಕಿಯಿಂದ ಕೇಳಿದರು.

ಹೊರಗೆ ನೀರು ಹಾಕುತ್ತಿದ್ದ ರುದ್ರಣ್ಣ ಪೈಪು ಕೆಳಗಿಟ್ಟ. ಎರಡು ವರ್ಷದಿಂದ ಈ ಪ್ರಶ್ನೆಗೇ ಕಾಯುತ್ತಿದ್ದನೇನೋ. "ಇಲ್ರೀ ಮೇಡಂ. ಈ ಸಿಸ್ಟರ್ ಬರಾಕೆ ಮುಂಚೆ ಈ ಬೇಲಿ ಹೂ ಬಿಟ್ಟಿದ್ದೇ ನಾ ಕಂಡಿಲ್ಲ. ಆಗ ಶಮೀಮಾ ಸೀನಿದ್ದೂ ಕೇಳಿಲ್ಲ" ಎಂದ. ಪೈಪು ಮತ್ತೆ ಎತ್ತಿಕೊಳ್ಳುತ್ತ ಸೇರಿಸಿದ, "ಉಸಿರಾಡ್ಲಿ ಅಂದ್ರು. ಬೇಲಿ ಉಸಿರಾಡ್ತು."

ಡಾಕ್ಟರ್ ಬಿಡಿಸಿ ಹೇಳಿದರು. ಹೂವಿನ ಪರಾಗ ಕೆಲವರಿಗೆ ಆಗುವುದಿಲ್ಲ. ಗಾಳಿಯಲ್ಲಿ ಹಾರುವ ಪರಾಗವೇ ಹೆಚ್ಚು ಕಾಟ ಕೊಡುವುದು. ಮದರಂಗಿಯದು ತಾನಾಗಿ ಅಷ್ಟು ದೂರ ಹೋಗಲಾರದು. ಆದರೆ ನಾವು ಒದ್ದೆ ಶೀಟನ್ನು ಹೂವಿನ ಮೇಲೆ ಹರವಿ, ಪರಾಗವನ್ನು ಬಟ್ಟೆಗೆ ಮೆತ್ತಿಸಿ, ಒಣಗಿಸಿ, ಆಮೇಲೆ ಅವಳ ಮುಖದೆದುರೇ ಕೊಡವಿಸುತ್ತಿದ್ದೆವು. ಗಾಳಿ ಮಾಡದ ಕೆಲಸವನ್ನು ನಾನು ಡ್ಯೂಟಿ ಹಾಕಿ ಮಾಡಿಸಿದ್ದೆ. ಖಾತ್ರಿಗೆ ಚರ್ಮದ ಮೇಲೆ ಮಾಡುವ ಪರೀಕ್ಷೆಯಿದೆ, ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಅಲ್ಲಿಯವರೆಗೆ ಕಾಯುವುದು ಬೇಡ ಎಂದರು.

"ಬೇಲಿನೇ ಕಿತ್ತು ಹಾಕಿಸೋಣ" ಎಂದೆ ನಾನು. ಪಶ್ಚಾತ್ತಾಪದಲ್ಲೂ ನನ್ನದು ಅತಿಯೇ.

"ಅಯ್ಯೋ, ಕೀಳಾಕೆ ಯಾಕ್ರೀ?" ಎಂದಳು ಶಮೀಮಾ. "ಊರಿನ ಮದಿವಿಗೆಲ್ಲಾ ಇದೇ ಮೆಹೆಂದಿ. ನಾನೂ ಎಲಿ ಕಿತ್ತು ಅರೀತೀನಿ, ಏನೂ ಆಗಂಗಿಲ್ಲ. ಹೂ ಬಿಡಾಕೆ ಬಿಡಬ್ಯಾಡ್ರಿ, ಸಾಕು."

ಮಾರನೆಯ ದಿನ, ಶಮೀಮಾಳ ವಾರದ ರಜೆಯಂದು, ರುದ್ರಣ್ಣ ಕತ್ತರಿಯ ಗೋಣಿ ಬಿಚ್ಚಿದ. ಅವನ ಮುಖದ ಕಳೆ ನೋಡಬೇಕಿತ್ತು. ಸಂಜೆಯೊಳಗೆ ಬೇಲಿ ಮತ್ತೆ ಮೇಜಿನಂತಾಯಿತು. ಶೀಟುಗಳನ್ನೆಲ್ಲ ಮತ್ತೆ ಒಗೆಸಿದೆವು. ಎರಡು ಕಬ್ಬಿಣದ ಕಂಬ ನೆಟ್ಟು ತಂತಿ ಬಿಗಿದೆವು. ಶಮೀಮಾ ಮತ್ತೆ ನೆಲ ಒರೆಸುವ ಕೆಲಸಕ್ಕೆ ಬಂದಳು. ಪಾಪದ ಫಿನಾಯಿಲ್, ಸುಮ್ಮನೆ ಬೈಗುಳ ತಿಂದಿತ್ತು.

ಇನ್ನು ಪಂಪು. ಬಾಯಿಗೆ ಹಿಡಿದು ಎಳೆದುಕೊಳ್ಳುವ ಇನ್‌ಹೇಲರ್ ಎಂದರೆ ನಮ್ಮ ಕಡೆ ಹೆದರಿಕೆ. "ಒಮ್ಮೆ ಹಿಡಿದ್ರೆ ಬಿಡಾಕೆ ಬರಂಗಿಲ್ಲಂತೆ?" ಎಂದು ಶಮೀಮಾ ಕೇಳಿದಳು. ಡಾಕ್ಟರ್ ಎರಡು ಬಣ್ಣದ ಎರಡು ಪಂಪು ತೋರಿಸಿ, ಒಂದು ದಿನಾ ತಪ್ಪದೆ ತೆಗೆದುಕೊಂಡು ಆಮೇಲೆ ಬಾಯಿ ಮುಕ್ಕಳಿಸುವುದು, ಇನ್ನೊಂದು ಎದೆ ಬಿಗಿದಾಗ ಮಾತ್ರ ಎಂದರು. ಕಲಿಸುವ ಹೊಣೆ ನನ್ನದು. ನಾನು ತೋರಿಸಿದ ರೀತಿಯಲ್ಲಿ ಔಷಧಿಯೆಲ್ಲ ಬಾಯಿಂದ ಹೊಗೆಯಾಗಿ ಹೊರಗೆ ಬಂತು. ಡಾಕ್ಟರ್ ಮಧ್ಯೆ ಹಿಡಿಯುವ ಪ್ಲಾಸ್ಟಿಕ್ ಕೊಳವೆ ಕೊಟ್ಟು, ಮೊದಲು ಉಸಿರು ಪೂರ್ತಿ ಬಿಡಿ, ತುಟಿ ಬಿಗಿ ಮಾಡಿ, ಒತ್ತಿ, ನಿಧಾನ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಿರಿ ಎಂದು ನಮ್ಮಿಬ್ಬರಿಗೂ ಒಟ್ಟಿಗೆ ಕಲಿಸಿದರು. ಶಮೀಮಾ ಎರಡನೇ ಸಲಕ್ಕೆ ಕಲಿತಳು. ನಾನು ಎಷ್ಟನೇ ಸಲಕ್ಕೆ ಎಂದು ಬರೆಯುವುದಿಲ್ಲ.

ಹೊಲಗಳ ಕಡೆ ಹೋಗುವಾಗ ಮೂಗಿಗೆ ಬಟ್ಟೆ, ಮನೆಗೆ ಹೋದಕೂಡಲೇ ಮುಖ ತೊಳೆದು ಸೀರೆ ಬದಲಾಯಿಸುವುದು, ಸೀನು ಬಂದ ದಿನ ಎಲ್ಲಿದ್ದೆ ಎಂದು ಗುರುತು ಹಾಕಿಕೊಳ್ಳುವುದು, ಎಲ್ಲವನ್ನೂ ಅವಳು ಪಾಲಿಸಿದಳು. ಎದೆಯ ಪೀಪಿ ನಿಂತಿತು. ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ನಾನು ಗೆದ್ದವಳಂತೆ ಓಡಾಡುತ್ತಿದ್ದೆ.

ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ಮಾನ ಸ್ವಲ್ಪವಾದರೂ ಉಳಿಯುತ್ತಿತ್ತು.

ಬೇಲಿಯ ಹಿಂದಿನ ಸಂದಿಯಲ್ಲಿ, ಕತ್ತರಿ ಹೋಗದ ಕಡೆ, ಕೆಲವು ಗೊಂಚಲು ಉಳಿದಿದ್ದವು. ತಿಂಗಳ ಕೊನೆಯ ಹಿಂದಿನ ದಿನ ಸಂಜೆ ಮನೆಗೆ ಹೊರಟ ನನ್ನ ಕಣ್ಣಿಗೆ ಅವು ಬಿದ್ದವು. ಕೊನೆಯ ಹೂ, ರುದ್ರಣ್ಣ ನಾಳೆ ಹೇಗೂ ಕಿತ್ತುಹಾಕುತ್ತಾನೆ. ನನ್ನ ಟೇಬಲ್ಲಿನ ಮೇಲೆ ಒಂದು ದಿನ ಇದ್ದರೆ ಯಾರಿಗೇನು? ಸ್ಟೀಲ್ ಲೋಟದಲ್ಲಿ ನೀರು ತುಂಬಿ, ಗೊಂಚಲು ಇಟ್ಟು, ರಿಜಿಸ್ಟರುಗಳ ಹಿಂದೆ ಮರೆಮಾಡಿ ಮನೆಗೆ ಹೋದೆ. ಮರೆಮಾಡಿದೆ ಎಂದ ಮೇಲೆ, ತಪ್ಪು ಎಂದು ನನಗೆ ಗೊತ್ತಿತ್ತು ಎಂದೇ ಅರ್ಥ.

ಬೆಳಿಗ್ಗೆ ಪರಮೇಶಿ ಹೇಳಿದ ದಿನಕ್ಕೆ ಸರಿಯಾಗಿ ಬಂದ. ನನ್ನ ಟೇಬಲ್ಲಿನ ಎದುರು ಕೂತು ಶಮೀಮಾಳನ್ನು ಕರೆಸಿದ. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆ ಬಾಚಿ, ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ಟೇಬಲ್ಲಿನ ಪಕ್ಕದಲ್ಲಿ ನಿಂತಳು. "ಈಗ ಹೆಂಗೈತೆ?" ಎಂದು ಪರಮೇಶಿ ಕೇಳಿದ.

"ಆರಾಮ್ ಐತ್ರೀ ಸಾರ್. ಎರಡು ವಾರ ಆತು, ಒಂದು..." ಎಂದವಳು ಸೀನಿದಳು. ಮತ್ತೊಂದು. ಮತ್ತೆ ಮತ್ತೆ. ಕಣ್ಣು ಕೆಂಪಾಗಿ ನೀರು ಇಳಿಯಿತು. ಕೈ ಎದೆಗೆ ಹೋಯಿತು. ಪರಮೇಶಿ ಕುರ್ಚಿ ಹಿಂದೆ ಎಳೆದುಕೊಂಡು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡ. "ಇದೇ ನೋಡ್ರಿ ಸಿಸ್ಟರ್, ನಾನು ಏನ್ ಮಾಡ್ಲಿ?"

ಶಮೀಮಾಳ ಮೂಗಿಗೆ ವಾಸನೆ ಸಿಕ್ಕಿತ್ತು. ಅವಳ ಕಣ್ಣು ರಿಜಿಸ್ಟರುಗಳ ಹಿಂದೆ ಹೋಗಿ, ಅಲ್ಲಿಂದ ನನ್ನ ಮುಖಕ್ಕೆ ಬಂತು. ಬೈದಿದ್ದರೆ ಚೆನ್ನಾಗಿತ್ತು.

ನಿಜ ಬರೆಯುತ್ತೇನೆ. ನನ್ನ ಕೈ ಮೊದಲು ಹೋದದ್ದು ಲೋಟವನ್ನು ಟೇಬಲ್ಲಿನ ಕೆಳಗೆ ಸರಿಸುವುದಕ್ಕೇ. ಅರ್ಧ ಸರಿಸಿಯೂ ಇದ್ದೆ. ಅವಳ ಎದೆಯಲ್ಲಿ ಸಣ್ಣಗೆ ಪೀಪಿ ಶುರುವಾದದ್ದು ಕೇಳಿಸಿತು. ಎದ್ದು ಲೋಟ ಎತ್ತಿ, ಕಿಟಕಿಯಾಚೆ ಹೂವನ್ನು ಲೋಟದ ಸಮೇತ ಎಸೆದೆ. "ಮೇಡಂ" ಎಂದು ಡಾಕ್ಟರನ್ನು ಕೂಗಿದೆ. ಡಾಕ್ಟರ್ ಬಂದು ಶಮೀಮಾಳನ್ನು ಆಚೆ ಕೋಣೆಗೆ ಕರೆದುಕೊಂಡು ಹೋಗಿ ಮುಖ ತೊಳೆಸಿ ಪಂಪು ಕೊಡಿಸಿದರು.

ಪರಮೇಶಿಯ ಎದುರು ನಿಂತುಕೊಂಡೇ ಎಲ್ಲ ಹೇಳಿದೆ. ಬೇಲಿ ಕತ್ತರಿಸಬೇಡಿ ಎಂದದ್ದು ನಾನು, ಹೂವಿನ ಮೇಲೆ ಬಟ್ಟೆ ಹರವಿದ್ದನ್ನು ಮೆರೆಸಿದ್ದು ನಾನು, ಅವಳನ್ನು ಆ ಕೆಲಸಕ್ಕೆ ಹಾಕಿದ್ದು ನಾನು, ಬೆಂಚಿನ ಮೇಲೆ ಕೂರಿಸಿದ್ದು ನಾನು, ಇವತ್ತು ಹೂ ಇಟ್ಟಿದ್ದೂ ನಾನು. "ಬೇಕಾದರೆ ಬರೆದುಕೊಡುತ್ತೇನೆ, ಸೈನ್ ಮಾಡುತ್ತೇನೆ. ಬದಲಾಯಿಸಬೇಕಾದರೆ ನನ್ನನ್ನು ಬದಲಾಯಿಸಿ. ಅವಳಿಗೆ ಹರಡುವಂಥ ಕಾಯಿಲೆ ಏನೂ ಇಲ್ಲ." ಮಾತಿನ ಮಧ್ಯೆ ನನಗೇ ಸೀನು ಬಂತು. ಐದೋ ಆರೋ.

"ಅಂದ್ರೆ ಇದು ಅಂಟಾದಲ್ಲ?" ಎಂದು ಪರಮೇಶಿ ಕರ್ಚೀಫಿನ ಒಳಗಿಂದಲೇ ಕೇಳಿದ.

ಬಾಗಿಲಲ್ಲಿ ಬಂದು ನಿಂತಿದ್ದ ಡಾಕ್ಟರ್, "ಅಂಟೋದಲ್ಲ. ಸಿಸ್ಟರಿಗೂ ಅದೇ ಅಲರ್ಜಿ ಇದೆ, ಇಷ್ಟು ವರ್ಷ ಸೈನಸ್ ಅಂದುಕೊಂಡಿದ್ರು" ಎಂದರು. ಆಮೇಲೆ ನನ್ನನ್ನು ನೋಡಿ, ಈ ಸಲ ವಯಸ್ಸಿಗೆ ಮರ್ಯಾದೆ ಕೊಡದೆ, "ಹೀಗೆ ಹೂ ತಂದಿಟ್ಟು ಗೊತ್ತು ಮಾಡ್ಕೊಳ್ಳೋದು ಟೆಸ್ಟ್ ಅಲ್ಲ ಸಿಸ್ಟರ್. ಜೀವ ಹೋಗಬಹುದಿತ್ತು" ಎಂದರು. ಸರ್ವಿಸಿನಲ್ಲಿ ತಿಂದ ಎಲ್ಲ ಬೈಗುಳಗಳಲ್ಲಿ ಅದೊಂದೇ ನನಗೆ ಇನ್ನೂ ಅಕ್ಷರಶಃ ನೆನಪಿದೆ.

ಪರಮೇಶಿಗೆ ಟೀ ತರಿಸಿದೆ. ಅವನು ಟೀ ಮುಗಿಸಿದರೂ ಎದ್ದಿರಲಿಲ್ಲ. ಆಗ ಶಮೀಮಾ ಬಂದಳು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಒರೆಸುವ ಕೋಲು. ಕಣ್ಣು ಇನ್ನೂ ಸ್ವಲ್ಪ ಕೆಂಪು, ಉಸಿರು ಸಲೀಸು.

"ಕಾಲು ಎತ್ರಿ ಸಾರ್, ಒರಸ್ಬೇಕು."

ಪರಮೇಶಿ ಎರಡೂ ಕಾಲು ಎತ್ತಿದ. ಕುರ್ಚಿಯ ಕೆಳಗೆ, ಟೇಬಲ್ಲಿನ ಕೆಳಗೆ, ಮೂಲೆಮೂಲೆ ಬಿಡದೆ ಒರೆಸಿದಳು. ಒಂದು ಸಲವೂ ಕೆಮ್ಮಲಿಲ್ಲ. ಅವಳು ಮುಗಿಸುವವರೆಗೆ ಆತ ಕಾಲು ಮೇಲೆಯೇ ಹಿಡಿದುಕೊಂಡಿದ್ದ. ಆಮೇಲೆ ಎದ್ದು, "ಇರ್ಲಿ ಬಿಡ್ರಿ, ಆಕೇನೇ ಇರ್ಲಿ" ಎಂದ. ಬಾಗಿಲು ದಾಟುವಾಗ ತಿರುಗಿ ನಿಂತು, "ಶಮೀಮಮ್ಮ, ದಿನಾ ಬಂದ್ ಕೂಡ್ಲೇ ಮೊದ್ಲು ಈ ಸಿಸ್ಟರ್ ಟೇಬಲ್ ಚೆಕ್ ಮಾಡ್ರಿ" ಎಂದು ಹೇಳಿ ಬೈಕ್ ಹತ್ತಿದ.

ಆತ ತಮಾಷೆಗೆ ಹೇಳಿದ್ದು. ಶಮೀಮಾ ಅದನ್ನು ಆರ್ಡರ್ ಎಂದು ತೆಗೆದುಕೊಂಡಳು. ನಾನು ಇರುವಷ್ಟು ದಿನವೂ ಬೆಳಿಗ್ಗೆ ಬಂದವಳೇ ಟೇಬಲ್ಲಿನ ಹಿಂದೆ, ಡ್ರಾಯರ್ ಒಳಗೆ, ಒಮ್ಮೊಮ್ಮೆ ನನ್ನ ಬ್ಯಾಗಿನಲ್ಲೂ ಇಣುಕುತ್ತಿದ್ದಳು. ಮುಡಿಗೆ ಮಲ್ಲಿಗೆ ಇದ್ದರೆ, "ತಿರುಗ್ರಿ ನೋಡಾಣ" ಎನ್ನುತ್ತಿದ್ದಳು. ನಾನು ತಿರುಗುತ್ತಿದ್ದೆ. ದಮ್ಮಿನವರು ಯಾರೇ ಬಂದರೂ ಪಂಪು ಹಿಡಿಯುವುದನ್ನು ಕಲಿಸುವ ಕೆಲಸವೂ ನಿಧಾನವಾಗಿ ನನ್ನ ಕೈಯಿಂದ ಅವಳ ಕೈಗೆ ಹೋಯಿತು. ಯಾರೂ ಆರ್ಡರ್ ಮಾಡಲಿಲ್ಲ. ಜನ ನನ್ನನ್ನು ದಾಟಿ ಅವಳ ಹತ್ತಿರ ಹೋಗತೊಡಗಿದರು, ಅಷ್ಟೇ.

ನಾನು ರಿಟೈರ್ ಆದ ದಿನ ವಾರ್ಡಿನಲ್ಲೇ ಒಂದು ಸಣ್ಣ ಸೆಂಡ್ ಆಫ್ ಇಟ್ಟುಕೊಂಡಿದ್ದರು. ಕುರ್ಚಿ ಹಾಕಿದ್ದರು, ಶಾಲು ತಂದಿದ್ದರು. ರುದ್ರಣ್ಣ ಎಲ್ಲಿಂದಲೋ ತೋಳಿನಷ್ಟು ದಪ್ಪದ ಹೂವಿನ ಹಾರ ಹಿಡಿದು ಬಂದ. ಬಾಗಿಲಲ್ಲಿ ಶಮೀಮಾ ಒರೆಸುವ ಕೋಲನ್ನು ಅಡ್ಡ ಹಿಡಿದು ನಿಂತಳು.

"ಅದೇನೇನು ಹೂ ಐತೋ ಏನೋ. ಒಳಗೆ ತರಬ್ಯಾಡ್ರಿ."

"ಸಿಸ್ಟರಿಗೆ ಹಾಕಾಕೆ ತಂದಿದ್ದು ಕಣಮ್ಮ" ಎಂದ ರುದ್ರಣ್ಣ.

"ಹಾಕ್ರಿ, ಯಾರು ಬ್ಯಾಡಂದ್ರು? ಅಂಗಳದಾಗೆ ಹಾಕ್ರಿ. ಇದು ನನ್ನ ವಾರ್ಡು."

ಕಾಂಟ್ರಾಕ್ಟಿನ ಆಯಾ ಹಾಗೆಂದದ್ದಕ್ಕೆ ಯಾರೂ ನಗಲಿಲ್ಲ. ಡಾಕ್ಟರ್ ತಾವೇ ಕುರ್ಚಿ ಎತ್ತಿಕೊಂಡು ಹೊರಗೆ ನಡೆದರು. ಹಾಗಾಗಿ ನನ್ನ ಸೆಂಡ್ ಆಫ್ ಬಿಸಿಲಲ್ಲಿ ನಡೆಯಿತು. ಹಾರದೊಳಗಿನಿಂದ ನಾನು ಸೀನುತ್ತ ಭಾಷಣ ಮಾಡಿದೆ. ಶಮೀಮಾ ಹೊಸ್ತಿಲ ಒಳಗಡೆಯೇ ನಿಂತು, ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು, ಕೊನೆಯವರೆಗೂ ಕೇಳಿದಳು.